ಚಿಕ್ಕಮ್ಮನಿಲ್ಲದ ಗುರುವಾರ

ಆಫೀಸಿನಲ್ಲಿ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಆಪತ್ತಮ್ಮ. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಆಸ್ಪತ್ರೆಗಳಿಗೆ ಔಷಧಿ ಒದಗಿಸುವ ಆ ಕಂಪನಿಯಲ್ಲಿ ಅವಳ ಕೆಲಸವೇ ಅಂಥದ್ದು. ಬೆಂಕಿ ಬಿದ್ದರೆ ಏನು, ನೀರು ನುಗ್ಗಿದರೆ ಏನು, ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೈಕೊಟ್ಟರೆ ಏನು ಎಂದು ಬೆಳಗಿನಿಂದ ಸಂಜೆಯವರೆಗೆ ಯೋಚಿಸಿ, ಅಂಥ ದಿನವೂ ಔಷಧಿಯ ಗಾಡಿ ನಿಲ್ಲದಂತೆ ದಾರಿ ಮಾಡಿಡುವುದು. ಅವಳು ಯಾರ ಮೇಜಿನ ಹತ್ತಿರ ಬಂದು ನಿಂತರೂ ಅವರು ಮೊದಲು ತಲೆ ಎತ್ತಿ ಚಾವಣಿ ನೋಡುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಎರಡು ಟಾರ್ಚು, ಎರಡು ಒಲೆ, ಒಂದೇ ಬೀಗಕ್ಕೆ ನಾಲ್ಕು ಕೀಲಿಕೈ. "ಎಲ್ಲದಕ್ಕೂ ಇನ್ನೊಂದು ಇಟ್ಟಿದ್ದೀಯಲ್ಲ ತಾಯಿ, ನನ್ನ ಮಗನಿಗೆ ಬದಲಿ ಯಾರು?" ಎಂದು ಅತ್ತೆ ಒಮ್ಮೆ ಕೇಳಿದ್ದರು. ನಗುವ ಮೊದಲು ಅವಳು ಒಂದು ಕ್ಷಣ ಯೋಚಿಸಿದಳು. ಗಂಡ ಆ ಕ್ಷಣವನ್ನು ಇನ್ನೂ ಮರೆತಿಲ್ಲ.

ಈ ಕೆಲಸಕ್ಕೆ ಬರುವ ಮುಂಚೆ ಒಂಬತ್ತು ವರ್ಷ ಅವಳು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿದ್ದಳು. ಅಲ್ಲಿ ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದು ಒಳಗೆ ಬಂದವರ ಚಪ್ಪಲಿ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಈಗ ಮೇಲಿನ ಮಹಡಿಯಲ್ಲಿ ಅವಳದೇ ಮೇಜು. ಬೆಳಗ್ಗೆ ಹತ್ತಕ್ಕೆ ಎದುರು ಕಟ್ಟಡದ ಗಾಜಿಗೆ ಬಡಿದ ಬಿಸಿಲು ಅಲ್ಲಿಂದ ಚಿಮ್ಮಿ ಅವಳ ಕಾಗದಗಳ ಮೇಲೆ ಬಂದು ಕೂರುತ್ತಿತ್ತು.

ಆ ಮೇಜಿಗೇ ಈಗ ಕುತ್ತು ಬಂದಿತ್ತು. ಕಂಪನಿಯ ಅತಿ ದೊಡ್ಡ ಗಿರಾಕಿಯಾದ ಆಸ್ಪತ್ರೆಯವರು ಗುರುವಾರ ತಾಲೀಮು ನೋಡಲು ತಮ್ಮ ಅಧಿಕಾರಿಯನ್ನು ಕಳಿಸುವವರಿದ್ದರು. ಕಟ್ಟಡ ಮುಚ್ಚಿಹೋಗಿದೆ ಎಂದುಕೊಂಡು ಎಲ್ಲರೂ ಎದುರು ಬೀದಿಯ ಹಾಸಿಗೆ ಅಂಗಡಿಯ ಮೇಲಿರುವ ಬದಲಿ ಆಫೀಸಿಗೆ ಹೋಗಿ, ಅಲ್ಲಿಂದಲೇ ಒಂದು ಗಾಡಿ ಹೊರಡಿಸಬೇಕು. ಸರಿಯಾಗಿ ನಡೆದರೆ ಸರಿ, ಇಲ್ಲದಿದ್ದರೆ ಅವಳು ವಾಪಸು ಗೋದಾಮಿಗೆ ಎಂದು ಕಂಪನಿಯ ಯಜಮಾನರು ಸುತ್ತುಬಳಸದೆ ಹೇಳಿದ್ದರು. ಅವಳಿಗೆ ಹೆದರಿಕೆ ಇರಲಿಲ್ಲ. ಹಿಂದಿನ ಮೂರು ತಾಲೀಮಿನಲ್ಲೂ ನಲವತ್ತೇ ನಿಮಿಷಕ್ಕೆ ಗಾಡಿ ಹೊರಟಿತ್ತು.

ಹೆದರಿಕೆ ಶುರುವಾದದ್ದು ಮಂಗಳವಾರ ಸಂಜೆ, ಊಟದ ಮೇಜಿನ ಮೇಲೆ. 'ನೀವು ಸಿಗದಿದ್ದರೆ ನಿಮ್ಮ ಕೆಲಸ ನೋಡುವವರು ಯಾರು?' ಎಂದು ಒಂಬತ್ತು ವಿಭಾಗಗಳಿಗೂ ಯಜಮಾನರಿಗೂ ಒಂದೊಂದು ಕಾಗದ ಕೊಟ್ಟಿದ್ದಳು. ತುಂಬಿ ಬಂದ ಕಾಗದಗಳನ್ನು ಮೊದಲ ಸಲ ಒಟ್ಟಿಗೆ ಹರಡಿದ್ದಳು. ಗಾಡಿಗಳ ವಿಭಾಗ: ಚಿಕ್ಕಮ್ಮ. ಶೀತಲ ಕೋಣೆ: ಚಿಕ್ಕಮ್ಮ. ಕಂಪ್ಯೂಟರು: ಚಿಕ್ಕಮ್ಮ. ಯಜಮಾನರು ಕೂಡ ತಮ್ಮ ಉರುಟು ಅಕ್ಷರದಲ್ಲಿ ಅದೇ ಹೆಸರು ಬರೆದಿದ್ದರು.

ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿದ. "ಇದೇನು ಚುನಾವಣೆನಾ? ನಿಮ್ಮ ಚಿಕ್ಕಮ್ಮ ಅವಿರೋಧವಾಗಿ ಗೆದ್ದಿದ್ದಾರೆ."

ಚಿಕ್ಕಮ್ಮ ಎಂದರೆ ಆಫೀಸಿನ ಬಾಗಿಲ ಬಳಿ ಟೆಲಿಫೋನು ನೋಡಿಕೊಳ್ಳುವವರು, ಎಲ್ಲರೂ ಕರೆಯುವುದೇ ಹಾಗೆ. ಇಪ್ಪತ್ತಾರು ವರ್ಷದ ಸೇವೆ, ಮಕ್ಕಳ ಎರಡು ಮದುವೆಗಳಿಗೆ ಬಿಟ್ಟರೆ ರಜೆ ಹಾಕಿದವರಲ್ಲ. ಯಾವ ಕೀಲಿ ಯಾವ ಡ್ರಾಯರಿನಲ್ಲಿದೆ, ಯಾವ ಚಾಲಕ ಫೋನು ಎತ್ತದಿದ್ದರೆ ಅವನ ಹೆಂಡತಿಗೆ ಮಾಡಬೇಕು, ಎಲ್ಲ ಅವರ ತಲೆಯಲ್ಲಿತ್ತು. ಆ ನಲವತ್ತು ನಿಮಿಷಗಳ ಗುಟ್ಟು ಆಪತ್ತಮ್ಮನಿಗೆ ಈಗ ಹೊಳೆಯಿತು. ತಾಲೀಮಿನಲ್ಲಿ ಗೆದ್ದದ್ದು ಅವಳ ಯೋಜನೆಯಲ್ಲ, ಚಿಕ್ಕಮ್ಮ. ಮೆಲ್ಲಗೆ ತಾನೂ ತುಂಬಿಟ್ಟಿದ್ದ ತನ್ನ ಕಾಗದ ಹೊರತೆಗೆದು ನೋಡಿದಳು. ಅಲ್ಲೂ ಚಿಕ್ಕಮ್ಮನೇ ಕೂತಿದ್ದರು.

ಸುಮ್ಮನಿದ್ದರೆ ಗುರುವಾರ ಸಲೀಸಾಗಿ ಮುಗಿಯುತ್ತಿತ್ತು, ಮೇಜೂ ಉಳಿಯುತ್ತಿತ್ತು. ಆದರೆ ಚಿಕ್ಕಮ್ಮ ಕಾಲು ಜಾರಿ ಬಿದ್ದ ದಿನ ಎಷ್ಟು ಆಸ್ಪತ್ರೆಗಳು ಔಷಧಿಗೆ ದಾರಿ ಕಾಯಬೇಕಾದೀತು ಎಂಬುದು ಅವಳ ತಲೆ ಹೊಕ್ಕಿತ್ತು, ಇಳಿಯಲೊಲ್ಲದು. ಬುಧವಾರ ಮಧ್ಯಾಹ್ನ ಟೆಲಿಫೋನಿನ ಮೇಜಿಗೆ ಹೋಗಿ ನಿಂತಳು.

"ಚಿಕ್ಕಮ್ಮ, ನಾಳೆ ನೀವು ಬರಬೇಡಿ. ಫೋನೂ ಎತ್ತಬೇಡಿ."

"ಯಾಕೆ, ನಾನೇನು ಮಾಡಿದೆ?"

"ಎಲ್ಲಾ ನೀವೇ ಮಾಡ್ತೀರಿ, ಅದಕ್ಕೇ."

ಗುರುವಾರ ಬೆಳಗ್ಗೆ ಹತ್ತಕ್ಕೆ ತಾಲೀಮಿನ ಗಂಟೆ ಹೊಡೆಯಿತು. ಎಲ್ಲರೂ ನಗುನಗುತ್ತಾ ಬೀದಿ ದಾಟಿ ಹಾಸಿಗೆ ಅಂಗಡಿಯ ಮೆಟ್ಟಿಲು ಹತ್ತಿದರು. ಆಸ್ಪತ್ರೆಯ ಅಧಿಕಾರಿ, ಅಳತೆಗೋಲಿನಂತೆ ನೆಟ್ಟಗಿದ್ದ ಮನುಷ್ಯ, ಮೂಲೆಯಲ್ಲಿ ಗಡಿಯಾರ ಹಿಡಿದು ಕೂತರು. ಒಂಬತ್ತು ವಿಭಾಗದವರು ಒಂದೇ ಹೊತ್ತಿಗೆ ಒಂದೇ ನಂಬರು ಒತ್ತಿದರು. ಯಜಮಾನರೂ ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಒತ್ತಿದರು. ಯಾರೂ ಎತ್ತಲಿಲ್ಲ.

ಆಮೇಲೆ ನಡೆದದ್ದನ್ನು ಹೇಳದಿರುವುದೇ ಮರ್ಯಾದೆ, ಆದರೂ ಹೇಳಬೇಕು. ಗಾಡಿಗಳ ಮುಖ್ಯಸ್ಥನಿಗೆ ತನ್ನ ಚಾಲಕರ ಹೆಸರೇ ಗೊತ್ತಿರಲಿಲ್ಲ. ಅವರೆಲ್ಲ ಅವನಿಗೆ ಮೊದಲನೇ ಗಾಡಿಯವನು, ಎರಡನೇ ಗಾಡಿಯವನು. ಕೊನೆಗೆ ಬೀದಿಗಿಳಿದು ಓಡಿ, ಟೈರಿನ ಅಂಗಡಿಯಲ್ಲಿ ಹರಟುತ್ತಿದ್ದ ಒಬ್ಬನನ್ನು ತೋಳು ಹಿಡಿದು ಎಳೆತಂದ. ಶೀತಲ ಕೋಣೆಯವನು ಬದಲಿ ಕೀಲಿಗಾಗಿ ಹನ್ನೊಂದು ಡ್ರಾಯರು ತಡಕಿ, ಕಳೆದುಹೋಗಿದ್ದ ತನ್ನ ಕನ್ನಡಕ ಪತ್ತೆಹಚ್ಚಿದ. ಕೀಲಿ ಇಪ್ಪತ್ತನೆಯದರಲ್ಲಿತ್ತು. ಕಂಪ್ಯೂಟರಿನವನು ದಾಖಲೆಗಳ ನಕಲು ತೆರೆಯುವ ಪಾಸ್‌ವರ್ಡಿಗಾಗಿ, ಎರಡು ವರ್ಷದ ಹಿಂದೆ ಜಗಳವಾಡಿ ಕೆಲಸ ಬಿಟ್ಟವನಿಗೆ ಫೋನು ಮಾಡಿದ. ಆತ ಮನಸಾರೆ ನಕ್ಕು, ಆಮೇಲೆ ಹೇಳಿದ. ಗಾಡಿ ಹೊರಟಾಗ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅದರಲ್ಲಿದ್ದದ್ದು ತಾಲೀಮಿನ ಒಂದೇ ಒಂದು ಖಾಲಿ ಪೆಟ್ಟಿಗೆ.

"ಹೋಗಿ ಹೋಗಿ ಇವತ್ತೇ ರಜೆ ಹಾಕಬೇಕಿತ್ತಾ ಅವರು," ಎಂದು ಯಜಮಾನರು ಗೊಣಗಿದರು.

"ಬರಬೇಡಿ ಅಂದವಳು ನಾನೇ ಸರ್," ಎಂದಳು ಆಪತ್ತಮ್ಮ. ಹನ್ನೊಂದೂ ಕಾಗದಗಳನ್ನು ಅಧಿಕಾರಿಯ ಮುಂದಿಟ್ಟಳು, ತನ್ನದನ್ನು ಎಲ್ಲಕ್ಕಿಂತ ಮೇಲೆ.

ಅವರು ಒಂದೊಂದೇ ಓದಿದರು. ಯಜಮಾನರ ಕಾಗದ ಬಂದಾಗ ಮೀಸೆಯ ಒಂದು ತುದಿ ಅಲುಗಿತು. "ನಲವತ್ತು ನಿಮಿಷ ಅಂತ ಬರೆದ ವರದಿ ನನ್ನ ಹತ್ತಿರ ಒಂದು ಕಪಾಟು ತುಂಬ ಇದೆ," ಎಂದರು. "ನಂಬಬಹುದಾದ ಲೆಕ್ಕ ಇವತ್ತೇ ನೋಡಿದ್ದು. ಮೂರು ತಿಂಗಳು ಬಿಟ್ಟು ಬರ್ತೀನಿ. ಆವತ್ತು ಯಾರನ್ನ ಮನೇಲಿ ಕೂರಿಸಬೇಕು ಅಂತ ನಾನೇ ಹೇಳ್ತೀನಿ. ಅಲ್ಲೀವರೆಗೆ ಈ ಕೆಲಸದಲ್ಲಿ ಇವರೇ ಇರಲಿ."

ಯಜಮಾನರು ಗೋದಾಮಿನ ಮಾತು ಎತ್ತಲಿಲ್ಲ. ಅಧಿಕಾರಿ ಹೋದ ಮೇಲೆ ಮಾತ್ರ, ಮುಂದಿನ ಸಲ ತಮ್ಮ ಕಿವಿಗಾದರೂ ಹಾಕಬೇಕೆಂದು ಸಣ್ಣ ದನಿಯಲ್ಲಿ ಕೇಳಿಕೊಂಡರು.

ಸಂಜೆ ಅವಳು ಚಿಕ್ಕಮ್ಮನ ಮನೆಗೆ ಹೋದಳು. ಬಾಗಿಲು ತಟ್ಟುವ ಮೊದಲೇ ತೆರೆಯಿತು. ಫೋನನ್ನು ದಿಂಬಿನ ಕೆಳಗೆ ಹೂತು, ಮೇಲೆ ಕಂಬಳಿ ಹೊದಿಸಿಟ್ಟಿದ್ದರು.

"ಎಷ್ಟು ಹೊತ್ತು ಹಿಡೀತು?"

"ನಾಲ್ಕು ಗಂಟೆ ಹತ್ತು ನಿಮಿಷ."

ಚಿಕ್ಕಮ್ಮ ಕುರ್ಚಿಗೆ ಒರಗಿದರು. ಮುಖ ಸಣ್ಣಗಾಯಿತು. "ಇಪ್ಪತ್ತಾರು ವರ್ಷ ಇದ್ದವಳಿಗೆ ನಾಲ್ಕೇ ಗಂಟೆನಾ? ನಾನು ಶನಿವಾರದ ತನಕ ಆಗುತ್ತೆ ಅಂದ್ಕೊಂಡಿದ್ದೆ."

ಆಪತ್ತಮ್ಮ ಪಕ್ಕದಲ್ಲಿ ಕೂತು, ಚೀಲದಿಂದ ಬರೆಯುವ ಹೊಸ ಖಾಲಿ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಚಿಕ್ಕಮ್ಮ ಅದನ್ನು ಓರೆಗಣ್ಣಿನಲ್ಲಿ ನೋಡಿದರು.

"ಎಲ್ಲಾ ಒಂದೇ ದಿನ ಹೇಳಲ್ಲ. ದಿನಕ್ಕೆ ಇಷ್ಟಿಷ್ಟೇ."

"ಮೂರು ತಿಂಗಳಲ್ಲಿ ಅವರು ಮತ್ತೆ ಬರ್ತಾರೆ ಚಿಕ್ಕಮ್ಮ."

"ಬರಲಿ ಬಿಡು," ಎಂದರು ಚಿಕ್ಕಮ್ಮ. ಪುಸ್ತಕದ ಮೊದಲ ಹಾಳೆಯನ್ನು ಅಂಗೈಯಿಂದ ನೀವಿ ಮಟ್ಟಸ ಮಾಡಿದರು. "ಹೂಂ, ಬರ್ಕೋ."