ಒಂದಿಂಚಿನ ಹೊಟ್ಟೆಕಿಚ್ಚು

ನಮ್ಮ ಚಿಕ್ಕಪ್ಪನಿಗೆ ಜಗತ್ತಿನಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಷಡ್ಡಕರೊಬ್ಬರನ್ನು ಬಿಟ್ಟು. ಹಗಲೆಲ್ಲ ಬಸ್ ಡಿಪೋದ ಬಿಡಿಭಾಗಗಳ ಕೋಣೆಯಲ್ಲಿ ಕೆಲಸ, ಮನೆಗೆ ಬಂದರೆ ಲಿನಕ್ಸ್ ಹಾಕಿದ ಕಂಪ್ಯೂಟರಿನ ಮುಂದೆ. ಅಂಗಿಯ ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ಬರೆದುಕೊಡುವ ಪ್ರೋಗ್ರಾಮೊಂದನ್ನು ಅವರು ಬರೆದದ್ದು ಹೊಲಿಗೆ ಅಂಗಡಿ ನಡೆಸುವ ಚಿಕ್ಕಮ್ಮನಿಗಾಗಿ. ‘ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ’ ಎಂದು ದೊಡ್ಡ ಮನಸ್ಸು ಮಾಡಿ ಇಂಟರ್ನೆಟ್ಟಿಗೂ ಹಾಕಿದರು.

ತೆಗೆದುಕೊಂಡವರು ಯಾರು? ಚಿಕ್ಕಮ್ಮನ ಅಕ್ಕನ ಗಂಡ. ಅಂಗಡಿಯಲ್ಲಿದ್ದದ್ದು ವಿಂಡೋಸ್ ಕಂಪ್ಯೂಟರ್, ಲಿನಕ್ಸ್‌ಗೆಂದು ಬರೆದ ಚಿಕ್ಕಪ್ಪನ ಪ್ರೋಗ್ರಾಮ್ ಅದರಲ್ಲಿ ಓಡುತ್ತಿರಲಿಲ್ಲ. ಷಡ್ಡಕರು ಅದನ್ನು ವಿಂಡೋಸ್‌ಗೆ ಹೊಂದಿಸಿ ತಂದುಕೊಟ್ಟರು. ಅಂದಿನಿಂದ ಚಿಕ್ಕಮ್ಮನ ಬಾಯಲ್ಲಿ ಅದು ‘ಭಾವನ ಪ್ರೋಗ್ರಾಮ್’. ಹೆತ್ತವರು ಯಾರೋ, ಹೆಸರು ಯಾರಿಗೋ! ಚಿಕ್ಕಪ್ಪನಿಗೆ ಉಂಡ ಅನ್ನ ಮೈಗೆ ಹತ್ತದಾಯಿತು.

“ನಾನೂ ಮಾಡ್ತೀನಿ. ಅದೇನು ಬ್ರಹ್ಮವಿದ್ಯೆನಾ?” ಎಂದರು. ತಮ್ಮ ಕಂಪ್ಯೂಟರಿಗೆ ವಿಂಡೋಸ್ ಸೋಕಿಸಲು ಮಾತ್ರ ಸುತರಾಂ ಒಪ್ಪಲಿಲ್ಲ. ಲಿನಕ್ಸ್‌ನಲ್ಲೇ ಕೂತು ವಿಂಡೋಸ್‌ಗೆ ಬೇಕಾದ ಫೈಲ್ ಕಟ್ಟುವುದಕ್ಕೆ ಕ್ರಾಸ್ ಕಂಪೈಲ್ ಅನ್ನುತ್ತಾರಂತೆ. ನಮ್ಮ ಒಲೆಯಲ್ಲಿ ಪಕ್ಕದ ಮನೆಯವರ ನಾಲಿಗೆಗೆ ಅಡುಗೆ ಮಾಡಿದ ಹಾಗೆ. ಪರದೆಯ ತುಂಬ ಬಂದ ತಪ್ಪುಗಳ ಜೊತೆ ಗುದ್ದಾಡಿ ಅಂತೂ ಕಟ್ಟಿದರು. ವಿಂಡೋಸ್‌ನ ಫೈಲುಗಳನ್ನು ಲಿನಕ್ಸ್‌ನಲ್ಲೇ ಓಡಿಸುವ ವೈನ್ ಎಂಬ ಸಾಧನದಲ್ಲಿ ಪರೀಕ್ಷೆಯೂ ಆಯಿತು. ಓಡಿತು. ಮೀಸೆ ತಿರುವುತ್ತಾ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದರು.

ನಾನು ಮೂಲೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದೆ. ಚಿಕ್ಕಮ್ಮ ಕ್ಲಿಕ್ ಮಾಡಿದರು. ಡಿಎಲ್ಎಲ್ ಅನ್ನುವ ಯಾವುದೋ ಸಹಾಯಕ ಫೈಲ್ ಸಿಗುತ್ತಿಲ್ಲವೆಂದು ಕಂಪ್ಯೂಟರ್ ಕೈಯೆತ್ತಿತು. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಅದು ಮೊದಲೇ ಇತ್ತು, ಜೊತೆಗೆ ತರಬೇಕೆಂದು ಅವರಿಗೆ ಹೊಳೆದಿರಲಿಲ್ಲ.

“ಅಯ್ಯೋ, ಇಷ್ಟೇ ತಾನೇ?” ಎನ್ನುತ್ತಾ ಚಿಕ್ಕಮ್ಮ ಭಾವನ ಫೋಲ್ಡರಿನಿಂದ ಆ ಫೈಲ್ ತೆಗೆದು ಪಕ್ಕದಲ್ಲಿಟ್ಟರು. “ಭಾವ ಹೇಳ್ಕೊಟ್ಟಿದ್ರು.”

ಪ್ರೋಗ್ರಾಮ್ ತೆರೆದುಕೊಂಡಿತು. ಚಿಕ್ಕಪ್ಪನಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

ಅಷ್ಟರಲ್ಲಿ ಚಿಕ್ಕಮ್ಮನ ಅಕ್ಕನ ಫೋನ್ ಬಂತು. “ಭಾವಂಗೆ ಹೇಳು, ಅವರ ಫೈಲೇ ಇವತ್ತು ಕೈಹಿಡೀತು” ಎಂದು ನಗುತ್ತಲೇ ಚಿಕ್ಕಮ್ಮ ಒಂದು ಅಂಗಿಯ ಅಳತೆ ತುಂಬಿಸಿ, ಮಾತಾಡುತ್ತಾ ಹೊರಗೆ ಹೋದರು. ಚಿಕ್ಕಪ್ಪ ಪರದೆ ನೋಡಿದರು. ಕತ್ತು ಹದಿನಾರು. ಓಹೋ, ಆ ಷಡ್ಡಕ ಮಹಾರಾಯನಿಗೆ ಅಂಗಿ ಬೇರೆ ಕೇಡು! ಅತ್ತಿತ್ತ ನೋಡಿ ಹದಿನಾರನ್ನು ಹದಿನೈದು ಮಾಡಿದರು. ನಾನು ಕಂಡೆ, ಗಂಡಹೆಂಡಿರ ನಡುವೆ ನಮಗ್ಯಾಕೆ ಎಂದು ಮುಂದಿನ ಗುಂಡಿ ಎತ್ತಿಕೊಂಡೆ.

ಭಾನುವಾರ ಅಂಗಿ ಸಿದ್ಧವಾಯಿತು. “ರೀ, ಹಾಕ್ಕೊಳ್ಳಿ. ನಿಮ್ಮ ಪ್ರೋಗ್ರಾಮಲ್ಲಿ ಕತ್ತರಿಸಿದ ಮೊದಲನೇ ಅಂಗಿ, ನಿಮಗೇ ಇರ್ಲಿ ಅಂತ ಹೊಲಿದೆ.”

ಚಿಕ್ಕಪ್ಪ ನನ್ನತ್ತ ನೋಡಿದರು. ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಹೆಂಡತಿ ಹೊಲಿದದ್ದನ್ನೇ ತೊಟ್ಟುಕೊಂಡು ಬಂದ ಮನುಷ್ಯನಿಗೆ ತನ್ನ ಕತ್ತಿನ ಅಳತೆಯೇ ಗೊತ್ತಿರಲಿಲ್ಲ.

ಕೊರಳ ಗುಂಡಿ ಹತ್ತಿರಕ್ಕೂ ಬರಲಿಲ್ಲ. ಚಿಕ್ಕಮ್ಮ ಟೇಪು ಹಿಡಿದು ನೋಡಿದರು. “ಸರಿಯಾಗಿ ಒಂದಿಂಚು ಕಮ್ಮಿ. ನಾನು ಹಾಕಿದ್ದು ಹದಿನಾರೇ. ನಿಮ್ಮ ಪ್ರೋಗ್ರಾಮಲ್ಲೇ ಏನೋ ತಪ್ಪಿದೆ ಕಣ್ರೀ. ಭಾವಂಗೆ ಹೇಳಿ ಸರಿಮಾಡಿಸ್ಲಾ?”

“ಬೇಡ!”

ಚಿಕ್ಕಪ್ಪ ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಎಳೆದು ಗುಂಡಿ ಹಾಕಿಯೇಬಿಟ್ಟರು. ಕಣ್ಣು ಹೊರಗೆ ಬಂದವು.

“ಪ್ರೋಗ್ರಾಮ್ ಸರಿಯಾಗೇ ಇದೆ,” ಎಂದರು ಕೀರಲು ದನಿಯಲ್ಲಿ. “ನನ್ನ ಕತ್ತೇ ದಪ್ಪ ಆಗಿದೆ.”