ಮುಚ್ಚಳದ ಒಳಬದಿ

ಭೂತಗನ್ನಡಿ ಅಕ್ಕ ಅಂಗಡಿಯನ್ನೇ ಗುಜರಿಗೆ ಹಾಕಿದಳು ಎಂಬ ಸುದ್ದಿ ಬೀದಿಯಲ್ಲಿ ಎರಡು ವಾರ ಓಡಾಡಿತು. ಎಲ್ಲರ ಕೈಗೂ ಸ್ಮಾರ್ಟ್‌ವಾಚ್ ಬಂದ ಮೇಲೆ ಕೀ ಕೊಡುವ ವಾಚಿನ ರಿಪೇರಿಯವಳಿಗೆ ಇನ್ನೇನು ಕೆಲಸ, ಬೇಸತ್ತು ಕೈಬಿಟ್ಟಳು ಎಂದು ಔಷಧದಂಗಡಿಯವರು ಕಣ್ಣಾರೆ ಕಂಡವರಂತೆ ವಿವರಿಸಿದರು. ಗುಜರಿಯವನು ತಳ್ಳುಗಾಡಿಯಲ್ಲಿ ಭಾರದ್ದೇನನ್ನೋ ಒಯ್ದದ್ದು ನಿಜ. ಆದರೆ ಹೋದದ್ದು ಒಂದೇ ಒಂದು ಪಾಲಿಶ್ ಯಂತ್ರ. ಅದು ಹೋದದ್ದಕ್ಕೆ ಕಾರಣ ಅಕ್ಕ ಮಾಡಿದ ಒಂದು ತಪ್ಪು.

ಹದಿನೆಂಟರ ವಯಸ್ಸಿಗೆ ಅವಳು ಕೈಗಡಿಯಾರದ ಕಾರ್ಖಾನೆ ಸೇರಿದಳು. ಕೂದಲಿಗಿಂತ ತೆಳುವಾದ ಸುರುಳಿ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ಕೂತಳು. ಸೀನು ಬಂದರೆ ಆ ಸಾಲಿನ ಹೆಂಗಸರು ಕುರ್ಚಿ ಸಮೇತ ಹಿಂದಕ್ಕೆ ಸರಿಯುತ್ತಿದ್ದರು; ಅಕ್ಕ ಇವತ್ತಿಗೂ ಮನೆಯ ಊಟದ ಮೇಜಿನಲ್ಲಿ ಹಾಗೇ ಸರಿಯುತ್ತಾಳೆ. ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ದೀಪ ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ರಿಪೇರಿಗೆ ಕೂತಳು; ಬೀದಿಯವರಿಗೆ ಭೂತಗನ್ನಡಿ ಅಕ್ಕ ಆದಳು. ತನ್ನ ಕೈ ದಾಟಿ ಹೋಗುವ ವಾಚು ಹೊಸದರಂತೆ ಹೊಳೆಯಬೇಕು ಎಂಬ ಕಾರ್ಖಾನೆಯ ಪಾಠವೂ ಜೊತೆಯಲ್ಲೇ ಬಂತು.

ವರ್ಷಗಳು ಕಳೆದಂತೆ ಗಿರಾಕಿಗಳು ಕರಗಿದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಗಂಡನೇ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಎದುರಿಗೆ ಬಂದು ಕೂರುತ್ತಿದ್ದ.

“ನೋಡೇ, ಎದ್ದು ಓಡಾಡು ಅಂತಿದೆ ಇದು.”

“ನಾನು ಮೂವತ್ತು ವರ್ಷದಿಂದ ಅದನ್ನೇ ಬಡ್ಕೋತಿದ್ದೀನಿ. ನನ್ನನ್ನೂ ಕೈಗೆ ಕಟ್ಕೊಂಡಿದ್ರೆ ಕೇಳ್ತಿದ್ರೇನೋ.”

ವಾರಕ್ಕೊಂದು ಬ್ಯಾಟರಿ ಬದಲಿಸುವುದಷ್ಟೇ ಉಳಿದಿದ್ದ ದಿನಗಳಲ್ಲಿ ಒಬ್ಬ ನರ್ಸ್ ಬಂದಳು. ಎಡಗೈಯಲ್ಲಿ ಸ್ಮಾರ್ಟ್‌ವಾಚ್ ಇತ್ತು, ಕರವಸ್ತ್ರದಲ್ಲಿ ಸುತ್ತಿದ್ದ ಹಳೆಯ ವಾಚು ಅವಳ ಅಪ್ಪನದು. “ಇದು ಡ್ಯೂಟಿಗೆ, ಅದು ನನಗೆ” ಎಂದಳು. ಕೀ ಕೊಡುವ ವಾಚುಗಳನ್ನು ಸಂಗ್ರಹಿಸುವ ಇಪ್ಪತ್ತು ಜನರ ಗುಂಪೊಂದರಲ್ಲಿ ಅವಳೂ ಇದ್ದಳು. ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತಿದ್ದರು. ರಿಪೇರಿಗೆ ನೆಚ್ಚಿಕೊಳ್ಳುವಂಥವರು ಅವರಿಗೆ ಸಿಕ್ಕಿರಲಿಲ್ಲ.

“ಇದು ಓಡೋ ಹಾಗೆ ಮಾಡಿಕೊಡಿ ಅಕ್ಕ. ಆಮೇಲೆ ಉಳಿದೋರೂ ನಿಮ್ಮ ಹತ್ರಾನೇ ಬರ್ತಾರೆ.”

ಬಿಟ್ಟುಹೋಗಲಿದ್ದ ಕೆಲಸ ಮತ್ತೆ ಕೈಗೆ ಸಿಗುವುದಾದರೆ ಈ ಒಂದು ವಾಚಿನಿಂದಲೇ ಎಂಬುದು ಅಕ್ಕನಿಗೆ ಅರ್ಥವಾಯಿತು. ನಾಲ್ಕು ದಿನ ಕೂತು ವಾಚನ್ನು ಓಡಿಸಿದಳು. ಐದನೆಯ ದಿನ, ಯಾರೂ ಕೇಳದಿದ್ದರೂ, ಕವಚವನ್ನು ಪಾಲಿಶ್ ಯಂತ್ರಕ್ಕೆ ಹಿಡಿದಳು.

ನರ್ಸ್ ಬಂದು ವಾಚನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಕ್ಕ, ಈ ಅಂಚಲ್ಲಿ ಒಂದು ಸವೆದ ಗುರುತಿತ್ತಲ್ಲ?”

“ಇತ್ತು. ಸುಲಭಕ್ಕೆ ಬಗ್ಗಲಿಲ್ಲ ನೋಡಮ್ಮ, ಅರ್ಧ ದಿನ ಹಿಡೀತು.”

“ನಮ್ಮಪ್ಪ ಲೇತ್ ಕೆಲಸದೋರು. ಮಣಿಕಟ್ಟನ್ನ ಯಂತ್ರದ ಅಂಚಿಗೆ ಆನಿಸ್ಕೊಂಡೇ ನಿಲ್ತಿದ್ರು. ಆ ಗುರುತು ಅದರದ್ದು.” ಅವಳು ವಾಚನ್ನು ಮೇಜಿನ ಮೇಲಿಟ್ಟಳು. “ಈಗ ಇದು ಯಾರ ವಾಚು ಬೇಕಾದ್ರೂ ಆಗಬಹುದು.”

“ಸವೆದದ್ದನ್ನ ಹಾಗೇ ಇಟ್ಕೊಳ್ಳೋಕೆ ರಿಪೇರಿಯೋಳು ಯಾಕಮ್ಮ ಬೇಕಿತ್ತು?”

ಮಾತು ಬಾಯಿಂದ ಜಾರಿದ ಮೇಲೆ ಅಕ್ಕನಿಗೇ ಕೆಡುಕೆನಿಸಿತು. ನರ್ಸ್ ಜಗಳಕ್ಕೆ ನಿಲ್ಲಲಿಲ್ಲ. ಎರಡು ದಿನ ಇಲ್ಲೇ ಇರಲಿ ಎಂದು ಹೇಳಿ ಹೊರಟುಹೋದಳು.

ವಿಷಯ ಕೇಳಿದ ಗಂಡನಿಗೆ ಇದು ದೊಡ್ಡ ಸಮಸ್ಯೆಯಾಗಿ ಕಾಣಲಿಲ್ಲ. “ಅದೇ ಜಾಗದಲ್ಲಿ ಅಂಥದ್ದೇ ಒಂದು ಗುರುತು ಉಜ್ಜಿಕೊಡು. ಯಾರಿಗೆ ಗೊತ್ತಾಗುತ್ತೆ?”

“ನಿಮಗೆ ಗೊತ್ತಾಯ್ತಲ್ಲ. ನಾಳೆಯೊಳಗೆ ಔಷಧದಂಗಡಿಗೂ ಗೊತ್ತಾಗಿರುತ್ತೆ.”

ಹಾಗೆಂದರೂ ಅವಳು ಲೋಹ ಉಜ್ಜುವ ಅರ ಕೈಗೆತ್ತಿಕೊಂಡದ್ದು ನಿಜ. ಅಂಥ ಗುರುತನ್ನು ಅವಳಷ್ಟು ನಯವಾಗಿ ಮಾಡಬಲ್ಲವರು ಇನ್ನೊಬ್ಬರಿರಲಿಲ್ಲ. ಅರ ಕವಚಕ್ಕೆ ತಾಗುವ ಮುಂಚೆ ಹಿಂಬದಿಯ ಮುಚ್ಚಳವನ್ನು ಬಿಚ್ಚಿಡಬೇಕು, ಬಿಚ್ಚಿದಳು. ವಾಚು ತೆರೆದ ಪ್ರತಿ ರಿಪೇರಿಯವನೂ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತಾರೀಖನ್ನೂ ತನ್ನ ಗುರುತನ್ನೂ ಗೀಚುವುದು ಈ ಕಸುಬಿನ ಪದ್ಧತಿ. ಅಲ್ಲಿ ಅವಳ ತಾರೀಖಿನ ಮೇಲೆ ಮೂವರ ಗೀಚುಗಳಿದ್ದವು; ಮೊದಲ ಸಲ ತೆರೆದಾಗ ಅವಳು ಅವನ್ನು ಗಮನವಿಟ್ಟು ನೋಡಿರಲಿಲ್ಲ. ಮೂವರೂ ಅಂಚು ಸವೆದದ್ದನ್ನು ನೋಡಿಯೇ ಇರಬೇಕು. ಮೂವರೂ ಅದನ್ನು ಮುಟ್ಟದೆ ಮುಚ್ಚಿ ಕೊಟ್ಟಿದ್ದರು. ಅಕ್ಕ ಅರವನ್ನು ಕೆಳಗಿಟ್ಟು ಸೂಜಿ ತೆಗೆದುಕೊಂಡಳು.

ನರ್ಸ್ ಬಂದಾಗ ಅಕ್ಕ ಮುಚ್ಚಳವನ್ನೂ ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟಳು. ನಾಲ್ಕನೆಯ ತಾರೀಖಿನ ಕೆಳಗೆ ಅಕ್ಷರಗಳಿದ್ದವು: ‘ಲೇತಿನ ಗುರುತು ಎಡ ಅಂಚಿನಲ್ಲಿತ್ತು. ಉಜ್ಜಿ ಅಳಿಸಿದ್ದು ನಾನು. ತಪ್ಪು.’

ನರ್ಸ್ ಬಹಳ ಹೊತ್ತು ಓದಿದಳು. “ಇದನ್ನ ಯಾರು ನೋಡ್ತಾರೆ ಅಕ್ಕ?”

“ಮೂವತ್ತೋ ನಲವತ್ತೋ ವರ್ಷಕ್ಕೆ ಯಾರಾದ್ರೂ ತೆರೀತಾರಲ್ಲ, ಅವರು.”

“ಅಷ್ಟೊತ್ತಿಗೆ ತೆರೆಯೋರು ಇರ್ತಾರೆ ಅಂತೀರಾ?”

“ನೀವು ಕೈಗೆ ಕಟ್ಟಿರೋ ಸ್ಮಾರ್ಟ್‌ವಾಚನ್ನ ನಾಲ್ಕು ವರ್ಷ ಆದ್ಮೇಲೆ ಮಾಡಿದೋರೇ ಮುಟ್ಟಲ್ವಂತೆ, ನಮ್ಮ ಯಜಮಾನ್ರು ಹೇಳಿದ್ರು. ಇದನ್ನ ಮಾಡಿದ ಕಾರ್ಖಾನೆಯೇ ಇಲ್ಲ, ಆದ್ರೂ ಓಡ್ತಿದೆ. ಇರ್ತಾರಮ್ಮ.”

ನರ್ಸ್ ಮುಚ್ಚಳದ ಒಳಬದಿಯ ಫೋಟೋ ತೆಗೆದು ಗುಂಪಿನವರಿಗೆ ತೋರಿಸಿದಳು. ಇಂಥವಳ ಕೈಗೆ ವಾಚು ಕೊಡುವುದುಂಟೇ ಎಂದರು ಕೆಲವರು. ತಪ್ಪನ್ನು ಲೋಹದ ಮೇಲೆ ಬರೆದಿಡುವವಳ ಕೈಗಲ್ಲದೆ ಇನ್ಯಾರ ಕೈಗೆ ಕೊಡುವುದು ಎಂದರು ಏಳು ಜನ. ವಾಚಿನ ಹೊರಮೈಯಲ್ಲಿ ಏನನ್ನೂ ಮುಟ್ಟಬಾರದು ಎಂಬ ಷರತ್ತಿನೊಂದಿಗೆ ಆ ಏಳು ವಾಚುಗಳು ಬಂದ ವಾರವೇ ಅಕ್ಕ ಗುಜರಿಯವನನ್ನು ಕರೆದದ್ದು.

ಈಗ ಅವಳ ಮೇಜಿನ ಮೇಲೆ ಹದಿನಾಲ್ಕು ವಾಚುಗಳು ಸರದಿಯಲ್ಲಿವೆ. ಭಾನುವಾರ ಬೆಳಿಗ್ಗೆ ಗುಂಪಿನ ಇಬ್ಬರು, ಒಬ್ಬ ಬಸ್ ಚಾಲಕ ಮತ್ತು ಒಬ್ಬಳು ಗಣಿತದ ಮೇಡಂ, ಬಿಚ್ಚಿ ಜೋಡಿಸುವುದನ್ನು ಕಲಿಯಲು ಬರುತ್ತಾರೆ. ಮೇಡಂಗೆ ಸ್ಪ್ರಿಂಗ್ ಕೂರಿಸಲು ಬಂದಿದೆ, ಚಾಲಕನಿಗೆ ಇನ್ನೂ ಬಂದಿಲ್ಲ. ನರ್ಸ್ ರಜೆಯ ದಿನ ಅಪ್ಪನ ವಾಚು ಕಟ್ಟುತ್ತಾಳೆ. ಅದು ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ ಓಡುತ್ತದೆ. ಮುಂದಿನ ತಿಂಗಳು ತಂದುಕೊಡುವುದಾಗಿ ಹೇಳಿದ್ದಾಳೆ.