ಪತ್ತಾರರ ಉಸಿರು

ಆಳಂದದ ಹತ್ತಿರದ ಕಿಣ್ಣಿ ಸುಲ್ತಾನ ಎಂಬ ಊರಿನ ಅಕ್ಕಸಾಲಿ ದೇವೀಂದ್ರಪ್ಪ ಪತ್ತಾರರು ಬೆಸುಗೆಗೆ ಹೆಸರಾದವರು. ಒಡವೆಯನ್ನು ಇದ್ದಿಲಿನ ತುಂಡಿನ ಮೇಲಿಟ್ಟು, ಎಣ್ಣೆ ದೀಪದ ಉರಿಯನ್ನು ಹಿತ್ತಾಳೆಯ ಊದುಗೊಳವೆಯಿಂದ ಅದರ ಮೇಲೆ ಊದುತ್ತಿದ್ದರು. ಊದುವುದು ನಡುವೆ ನಿಂತರೆ ಉರಿ ಹಿಂದೆ ಸರಿಯುತ್ತದೆ, ಬೆಸುಗೆ ಹರಿಯುವುದಿಲ್ಲ. ಅದಕ್ಕೇ ಪತ್ತಾರರು ಕೆನ್ನೆಯಲ್ಲಿ ತುಂಬಿದ ಗಾಳಿಯನ್ನು ಹೊರಗೆ ತಳ್ಳುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾರೆ. ಈ ಕೆಲಸದಲ್ಲಿ ಬಾಯಿ ಬರೀ ಕೊಡುತ್ತದೆ, ತರುವುದು ಮೂಗು.

೧೯೮೬ರ ಚಳಿಗಾಲದಲ್ಲಿ ಅವರಿಗೆ ನೆಗಡಿ ಬಂತು. ನೆಗಡಿ ಹೋಯಿತು, ಕಟ್ಟಿದ ಮೂಗು ಮಾತ್ರ ಬಿಡಲಿಲ್ಲ. ಆಳಂದದ ಒಂದು ಔಷಧದ ಅಂಗಡಿಯಲ್ಲಿ ಮೂಗಿಗೆ ಬಿಡುವ ಹನಿಯ ಬಾಟಲಿ ಕೊಟ್ಟರು. ಎರಡು ಹನಿ ಬಿಟ್ಟರೆ ಬಾಗಿಲು ತೆರೆದಂತೆ ಗಾಳಿ ಆಡುತ್ತಿತ್ತು. ಅಂದಿನಿಂದ ದೀಪ ಹಚ್ಚುವ ಮೊದಲು ಹನಿ ಹಾಕುವುದು ಅವರಿಗೆ ರೂಢಿಯಾಯಿತು. ಆದರೆ ಹನಿಯ ಗುಣ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿತ್ತು. ಅವರು ಮತ್ತೆ ಹಾಕುತ್ತಿದ್ದರು.

ಬೇಸಿಗೆ ಬರುವಷ್ಟರಲ್ಲಿ ಅವರು ಬಾಯಿ ತೆರೆದೇ ಮಲಗುತ್ತಿದ್ದರು. ಬೆಳಿಗ್ಗೆ ನಾಲಿಗೆ ಒಣಗಿದ ತೊಗಲಿನಂತೆ ಇರುತ್ತಿತ್ತು. ತಲೆ ಭಾರ, ಮಧ್ಯಾಹ್ನವಾದರೆ ಕೂತಲ್ಲೇ ತೂಕಡಿಕೆ. ಇದ್ದಿಲಿನ ಹೊಗೆ ಬಾಯಿಂದ ನೇರ ಎದೆಗೆ ಇಳಿದು ಕೆಮ್ಮು ಹತ್ತಿತು.

"ನಿಮ್ಮ ಗೊರಕಿಗಿ ಬಾಜೂ ಮನಿ ಎಮ್ಮಿ ಎದ್ದು ನಿಂತಿತ್ತರಿ," ಎಂದು ಹೆಂಡತಿ ನಿಂಬೆವ್ವ ನಗುತ್ತಿದ್ದರು. ಆದರೆ ಗೊರಕೆ ನಡುವೆ ತಟ್ಟನೆ ನಿಂತಾಗ ಅವರಿಗೆ ನಗು ಬರುತ್ತಿರಲಿಲ್ಲ. ಮತ್ತೆ ಶುರುವಾಗುವ ತನಕ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದರು.

ಒಂದು ದಿನ ಅದೇ ಊರಿನ ದೌಲತರಾಯರನ್ನು ಎದುರಿಗೆ ಕೂರಿಸಿಕೊಂಡು ಅವರ ಮನೆಯ ಕಿವಿಯೋಲೆ ಬುಗುಡಿಯನ್ನು ಬೆಸೆಯುವಾಗ ನಡುವೆಯೇ ಮೂಗು ಕಟ್ಟಿತು. ಪತ್ತಾರರು ಬಾಯಿ ತೆರೆದು ಉಸಿರು ಎಳೆದರು, ಉರಿ ಹಿಂದೆ ಬಿತ್ತು. ಗಾಬರಿಯಲ್ಲಿ ಜೋರಾಗಿ ಊದಿದರು. ಬುಗುಡಿಯ ಮಣಿ ಕರಗಿ ಮುದ್ದೆಯಾಯಿತು. ದೌಲತರಾಯರು ಆ ಮುದ್ದೆಯನ್ನೇ ಚೀಟಿಯಲ್ಲಿ ಸುತ್ತಿಕೊಂಡು ಎದ್ದು ಹೋದರು.

ಮರುದಿನವೇ ನಿಂಬೆವ್ವ ಅವರನ್ನು ಆಳಂದದ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಬ್ಯಾಟರಿ ಹಿಡಿದು ಮೂಗಿನೊಳಗೆ ನೋಡಿದರು.

"ಈಗ ಮೂಗ ಕಟ್ಟಾಕತ್ತಿದ್ದು ಈ ಹನಿನೇ ನೋಡ್ರಿ. ಬಂದ್ ಮಾಡ್ರಿ. ಉಗುರು ಬೆಚ್ಚಗಿನ ಉಪ್ಪು ನೀರಲೆ ಮೂಗ ತೊಳೀರಿ, ನೀರ ಮೊದಲ ಕುದಿಸಿ ಆರಿಸಿದ್ದಿರಬೇಕು. ಮೂಗು ಗಾಳಿ ಸೋಸ್ತದ, ಬೆಚ್ಚಗ ಮಾಡ್ತದ. ಬಾಯಿಗಿ ಆ ಕೆಲಸ ಬರಂಗಿಲ್ಲ."

"ಹನಿ ಬಂದ್ ಮಾಡಿದ್ರ ಲಗೂ ಬಿಚ್ಚತದೇನ್ರಿ?" ಪತ್ತಾರರು ಕೇಳಿದರು.

"ಮೊದಲ ಪೂರಾ ಕಟ್ಟತದ. ಆಮ್ಯಾಲ ಹಗೂರಕ ಬಿಡ್ತದ. ತಡೀಬೇಕು."

ಮೂಗು ಪೂರಾ ಕಟ್ಟಿದ ಆ ದಿನಗಳಲ್ಲೇ ಊರಿನ ಹುಸೇನಬೀ ಬಂದರು. ಮಗಳು ಗೌಸಿಯಾಬೇಗಂಳನ್ನು ಅಫಜಲಪುರಕ್ಕೆ ಮದುವೆ ಮಾಡಿ ಕೊಡುವುದೆಂದು ಗೊತ್ತಾಗಿತ್ತು. ಬರುವ ಶುಕ್ರವಾರ ನಿಕಾಹ. ಸೆರಗಿನ ಗಂಟು ಬಿಚ್ಚಿ ಒಂದು ಝುಮಕಿ ಇಟ್ಟರು. ಮೇಲಿನ ಕೊಂಡಿ ಮುರಿದಿತ್ತು.

"ನಮ್ಮವ್ವನ ಝುಮಕಿ, ಅಣ್ಣಾ. ನಿಮ್ಮಪ್ಪನೇ ಮಾಡಿದ್ದು. ಇಲ್ಲೇ ಕುಂತಿರ್ತೀನಿ, ಹಚ್ಚಿ ಕೊಡ್ರಿ."

ಚಿನ್ನ ಅದರ ಒಡೆಯರ ಕಣ್ಣ ಮುಂದೆಯೇ ಬೆಂಕಿಗೆ ಕಾಯಬೇಕು, ಅಲ್ಲೇ ಕೈಗೆ ಬರಬೇಕು. ಅದು ಊರಿನ ರೂಢಿ. ಪತ್ತಾರರು ಝುಮಕಿಯನ್ನು ತಿರುಗಿಸಿ ನೋಡಿದರು. ಅಪ್ಪ ಕೂರಿಸಿದ ಸಾಸಿವೆಯಷ್ಟು ಸಣ್ಣ ಮಣಿಗಳು. ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಬಾಟಲಿ ಇನ್ನೂ ಅಲ್ಲೇ ಇತ್ತು. ಎರಡು ಹನಿ ಬಿಟ್ಟರೆ ಮೂಗು ತೆರೆಯುತ್ತದೆ. ಆದರೆ ಎಷ್ಟು ಹೊತ್ತು? ಬುಗುಡಿಯ ಮುದ್ದೆ ಕಣ್ಣ ಮುಂದೆ ಬಂತು. ಅವರು ಕೈ ಹೊರಗೆ ತೆಗೆದರು.

"ಅಕ್ಕಾ, ನನ್ನ ಮೂಗ ಕಟ್ಟ್ಯಾದ. ಇವತ್ತ ಉರಿ ನಿಂದ್ರಂಗಿಲ್ಲ. ಗುರುವಾರ ಬರ್ರಿ."

"ಮೂಗಿಗಿ ಮುಹೂರ್ತ ಅದೇನಣ್ಣಾ?" ಹುಸೇನಬೀ ಝುಮಕಿಯನ್ನು ಮತ್ತೆ ಗಂಟು ಹಾಕಿಕೊಂಡರು. "ಗುರುವಾರನೂ ಆಗಲಿಲ್ಲಂದ್ರ ನಮ್ಮ ಹುಡುಗಿ ಒಂದ ಕಿವ್ಯಾಗ ಹಾಕ್ಕೊಂಡು ಕುಂದರಬೇಕು ನೋಡ್ರಿ."

ಪತ್ತಾರರು ಹೊತ್ತು ಹೊತ್ತಿಗೆ ಮೂಗು ತೊಳೆದರು. ಬಾಟಲಿಯನ್ನು ನಿಂಬೆವ್ವನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಅಂದರು. ಅವರು ಕೇಳಿದರು, ನಿಂಬೆವ್ವ ಕೊಡಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದಂತೆ ಬಟ್ಟಲಿನ ನೀರಿನಲ್ಲಿ ಟೊಳ್ಳು ದಂಟು ಅದ್ದಿ ಊದಿ ನೋಡಿದರು. ಮೂಗಿನಿಂದ ಉಸಿರು ಎಳೆಯುವಾಗಲೂ ಗುಳ್ಳೆಗಳು ಏಳುತ್ತಲೇ ಇರಬೇಕು. ಮೊದಲ ದಿನ ನಾಲ್ಕು ಗುಳ್ಳೆ ಎದ್ದು ಅಲ್ಲಿಗೇ ನಿಂತವು. ಬುಧವಾರ ಸಂಜೆ ಎಡಗಡೆ ಸೂಜಿಯಷ್ಟು ದಾರಿಯಾಯಿತು. ಗುಳ್ಳೆಗಳು ತಡವರಿಸುತ್ತಾ ಎದ್ದವು.

ಗುರುವಾರ ಬೆಳಿಗ್ಗೆಯೇ ಹುಸೇನಬೀ ಎದುರಿಗೆ ಬಂದು ಕುಳಿತರು. ಪತ್ತಾರರು ಬೆಸುಗೆ ಸಲೀಸಾಗಿ ಹರಿಯಲೆಂದು ಕೊಂಡಿಗೆ ಬಿಳಿಗಾರ ಸವರಿ, ಬೆಸುಗೆಯ ಚೂರಿಟ್ಟು ಊದತೊಡಗಿದರು. ಎಡ ಹೊಳ್ಳೆ ಮಾತ್ರ ಕೆಲಸ ಮಾಡುತ್ತಿತ್ತು. ನಡುವೆ ಅದೂ ಬಿಗಿಯಾದಂತಾಯಿತು. ಬಾಯಿ ತೆರೆಯಲಿಲ್ಲ. ಗಾಬರಿ ಬೀಳದೆ ಉರಿಯನ್ನು ಸಣ್ಣದು ಮಾಡಿ, ದಾರದಷ್ಟು ತೆಳ್ಳಗೆ ಉಸಿರು ಎಳೆದರು. ಬೆಸುಗೆ ಒಮ್ಮೆ ಮಿನುಗಿ ಹರಿಯಿತು. ಮಣಿಗಳು ಇದ್ದಂತೆಯೇ ಇದ್ದವು.

ಹುಸೇನಬೀ ಆರಿದ ಝುಮಕಿಯ ಕೊಂಡಿಯನ್ನು ಜಗ್ಗಿ ನೋಡಿದರು. "ಗಟ್ಟಿ ಅದ. ನಿಮ್ಮ ಮೂಗಿಗೂ ಒಂದ ದಾವತ್ತಿನ ಊಟ ಅದ, ಕರಕೊಂಡ ಬರ್ರಿ," ಎಂದು ಹೋದರು.

ಪತ್ತಾರರು ಅಲ್ಲೇ ಚಾಪೆಯ ಮೇಲೆ ಉರುಳಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವನಿಗೆ ಎಷ್ಟು ಹೊತ್ತಾದರೂ ಗೊರಕೆ ಕೇಳಿಸಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಪತ್ತಾರರು ಬಾಯಿ ಮುಚ್ಚಿಕೊಂಡು ಅಲುಗಾಡದೆ ಮಲಗಿದ್ದರು. ನಿಂಬೆವ್ವ ಪಕ್ಕದಲ್ಲಿ ಕುಳಿತು ಅವರ ಮೂಗಿನ ಕೆಳಗೆ ಬೆರಳು ಹಿಡಿದರು. ಬೆರಳಿಗೆ ಬೆಚ್ಚಗೆ ತಾಗಿತು. ಒಂದೇ ಕಡೆಯಿಂದ, ಸಣ್ಣಗೆ. ಆದರೂ ನಿಂಬೆವ್ವ ತಕ್ಷಣ ಏಳಲಿಲ್ಲ. ಮುಂದಿನ ಉಸಿರಿಗೂ ಬೆರಳು ಹಿಡಿದೇ ಕುಳಿತರು.